ಕಾಲು ಅಳೆಯುವ ಆಯಮ್ಮ

ನಮ್ಮ ಆಸ್ಪತ್ರೆ ವಾರ್ಡಿನ ಆಯಮ್ಮನ ಬಗ್ಗೆ ಹೇಳಲೇಬೇಕು. ಅವಳಿಂದ ಬದುಕಿದವರೆಲ್ಲ ಅವಳನ್ನು ಬೈದುಕೊಂಡೇ ಮನೆಗೆ ಹೋಗಿದ್ದಾರೆ. ಅವಳ ಸೊಂಟದಲ್ಲಿ ಸದಾ ಒಂದು ದಾರ. ಕೊರೊನಾ ರೋಗಿಯ ಎರಡೂ ಮೀನಖಂಡ ಅಳೆದು, ಒಂದು ದಪ್ಪಗೆ ಕಂಡರೆ ರಕ್ತ ಹೆಪ್ಪುಗಟ್ಟಿರಬೇಕೆಂದು ಡಾಕ್ಟರನ್ನು ಎಳೆದು ತರುತ್ತಾಳೆ. ಸರಿಯಿದ್ದರೆ, ಅಲ್ಲಾಡದೆ ಇದ್ದರೆ ಹೆಪ್ಪುಗಟ್ಟೀತೆಂದು "ಏಳಪ್ಪಾ, ನಡಿ" ಎಂದು ಎಬ್ಬಿಸುತ್ತಾಳೆ. ನೋಡಲು ಬಂದವರ ಕಾಲನ್ನೂ ಬಿಡುವುದಿಲ್ಲ. "ನಂಗೆ ಕೊರೊನಾನೇ ಇಲ್ವಲ್ಲಮ್ಮ!" "ಹೆಪ್ಪು ಏನು ನಿನ್ನ ರಿಪೋರ್ಟ್ ಓದ್ಕೊಂಡು ಬರುತ್ತಾ ಅಣ್ಣಾ? ಚಾಚು ಕಾಲು!" ದೊಡ್ಡ ಡಾಕ್ಟರೂ ಅವಳೆದುರು ನಿಂತೇ ಟೀ ಕುಡಿಯುತ್ತಾರೆ. ಅವಳ ಗಂಡನಿಗೆ ಕೊರೊನಾ ಬರಲೇ ಇಲ್ಲ. ಬರಬಾರದೆಂದು ಅವಳೇ ಎರಡು ತಿಂಗಳು ಕೋಣೆಯಲ್ಲಿ ಕೂರಿಸಿದ್ದಳು. ಅವನ ಒಂದು ಕಾಲು ಊದಿದಾಗ "ಕೂತೂ ಕೂತೂ ಜೋಮು ಹಿಡ್ದಿದೆ, ಬಿಡಿ" ಅಂದು ಡ್ಯೂಟಿಗೆ ಬಂದಳು. ಹೆಪ್ಪು ಎದೆಗೇರಿ ಅವನು ಹೋದ. ಆ ಕಡೆ ಹೋದರೆ ಅವಳನ್ನು ಕಂಡು, ಎರಡು ಮಾತಾಡಿಸಿ ಬನ್ನಿ.