ಒದ್ದರೂ ಏಳದ ಗಾಡಿ

ನಮ್ಮ ಮನೆಯ ಮೆಟ್ಟಿಲ ಕೆಳಗೆ ಮೊದಲು ಸೌದೆ ಇರುತ್ತಿತ್ತು. ಗೀಸರ್ ಬಂದ ಮೇಲೆ ಸೌದೆ ಹೋಯಿತು, ಆ ಜಾಗದಲ್ಲಿ ಯಜಮಾನರ ಟೂ-ಸ್ಟ್ರೋಕ್ ಬೈಕು ಬಂದು ಮಲಗಿತು. ಓಡುವುದು ನಿಂತ ಮೇಲೆ ಅದನ್ನು ಗುಜರಿಗೆ ಹಾಕಿ ಎಂದು ನಾನು ಹೇಳದ ದಿನವಿಲ್ಲ. ಅವರು ಕೇಳಲಿಲ್ಲ. ಕೇಳುವ ಗಂಡಸಾಗಿದ್ದರೆ ನಾನಿದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ರಿಟೈರಾದ ಮೇಲೆ ಅವರಿಗೆ ಅದರ ಹುಚ್ಚು ಹಿಡಿಯಿತು. ಗಾಡಿಯನ್ನು ಪೂರ್ತಿ ಬಿಚ್ಚಿಸಿದರು. ನನ್ನ ಉಪ್ಪಿನಕಾಯಿ ಜಾಡಿ ನಟ್ಟು ಬೋಲ್ಟಿನ ಜಾಡಿಯಾಯಿತು. ವಿಲ್ಸನ್ ಗಾರ್ಡನ್ನಿನಲ್ಲಿ ಅವರ ಹಳೆಯ ಗೆಳೆಯರೊಬ್ಬರು ಮೆಕ್ಯಾನಿಕ್. ತಲೆ ಪೂರ್ತಿ ಬೆಳ್ಳಗಾಗಿದೆ, ಕೈ ಮಾತ್ರ ಇನ್ನೂ ಕಪ್ಪು. ಇಬ್ಬರೂ ಸೇರಿ ಎಲ್ಲೆಲ್ಲಿಂದಲೋ ಸಾಮಾನು ಹುಡುಕಿ ತಂದು, ಗ್ಯಾರೇಜಿನಲ್ಲಿ ಇಂಜಿನ್ನು ಹೊಸದಾಗಿ ಕಟ್ಟಿ, ಟ್ಯಾಂಕಿಗೆ ಕೆಂಪು ಬಣ್ಣ ಹೊಡೆಸುವಷ್ಟರಲ್ಲಿ ಯಜಮಾನರ ಮಂಡಿ ಕೈಕೊಟ್ಟಿತು. ಅದೂ ಕಿಕ್ ಹೊಡೆಯುವ ಕಾಲಿನದೇ. ಡಾಕ್ಟರು ಮಂಡಿ ಬದಲಾಯಿಸಬೇಕೆಂದು ಸೋಮವಾರಕ್ಕೆ ಆಪರೇಷನ್ ಗೊತ್ತುಮಾಡಿದರು. ಇನ್ನು ಮುಂದೆ ಕಿಕ್ಕರ್ ಒದೆಯುವ ಆಸೆ ಬಿಡಿ ಎಂದೂ ಹೇಳಿದರು.

ಅಲ್ಲಿಂದ ಹಠ ಶುರು. ಸೋಮವಾರದೊಳಗೆ ತಮ್ಮ ಕಾಲಿನಿಂದಲೇ ಒದ್ದು ಸ್ಟಾರ್ಟ್ ಮಾಡಿ ತಿಲಕ್ ನಗರ ಮಾರ್ಕೆಟ್ಟಿನವರೆಗೆ ಒಂದು ರೌಂಡು ಹೋಗಿ ಬರಬೇಕಂತೆ. ಬೇರೆ ಯಾರಾದರೂ ಒದ್ದು ಕೊಡಲಿ, ನೀವು ಕೂತು ಹೋಗಿ ಎಂದೆ.

“ಬೇರೆಯವರು ಅಗಿದು ಕೊಟ್ಟಿದ್ದನ್ನ ನೀನು ತಿಂತೀಯೇನೇ?” ಎಂದರು.

ಹಲ್ಲಿಲ್ಲದ ನನಗೆ ಕೇಳುವ ಮಾತೇ ಅದು?

ಶುಕ್ರವಾರ ಬೈಕು ಟೆಂಪೋದಲ್ಲಿ ಮನೆಗೆ ಬಂತು. ಗ್ಯಾರೇಜಿನಲ್ಲಿ ಚೆನ್ನಾಗಿಯೇ ಸ್ಟಾರ್ಟ್ ಆಗಿತ್ತಂತೆ. ದಾರಿಯಲ್ಲಿ ಚೆಲ್ಲಬಾರದೆಂದು ಖಾಲಿ ಮಾಡಿದ್ದ ಪೆಟ್ರೋಲನ್ನು ಮನೆಯ ಮುಂದೆ ಮತ್ತೆ ಟ್ಯಾಂಕಿನ ಕುತ್ತಿಗೆವರೆಗೆ ತುಂಬಿಸಿದರು. ಇನ್ನೇನು ಒದೆಯಬೇಕು, ಅಷ್ಟರಲ್ಲಿ ಯಜಮಾನರ ಅಕ್ಕ ಗೊಟ್ಟಿಗೆರೆಯಿಂದ ಆಟೋದಲ್ಲಿ ಬಂದಿಳಿದರು. ಪೂಜೆಯಾಗದೆ ಯಾರೂ ಮುಟ್ಟಬೇಡಿ ಎಂದು ಗೇಟಿನಿಂದಲೇ ತಡೆದರು.

ಈ ನಮ್ಮ ಅತ್ತಿಗೆ ವಾಷಿಂಗ್ ಮೆಷಿನ್ನಿಗೂ ವಿಭೂತಿ ಬಳಿದವರು. ಬೈಕಿನ ಹ್ಯಾಂಡಲ್ಲಿಗೆ ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಟ್ಯಾಂಕಿನ ಮುಚ್ಚಳದ ಮೇಲೆ ಗಂಧ ಅರಿಶಿನ ಕಲಸಿ ದೋಸೆ ಹುಯ್ದ ಹಾಗೆ ಹುಯ್ದರು. ಅದರ ಮೇಲೆ ಕುಂಕುಮ. ಟ್ಯಾಂಕಿನ ಮೇಲೆಯೇ ಬಾಳೆಹಣ್ಣಿಟ್ಟು ಅದಕ್ಕೆ ಊದುಬತ್ತಿ ಚುಚ್ಚಿದರು. ಪೆಟ್ರೋಲಿನ ನೆತ್ತಿಯ ಮೇಲೆ ಬೆಂಕಿ ಇಡುತ್ತೀರಲ್ಲ ಎಂದರೆ, “ದೇವರ ಬೆಂಕಿ ಏನೂ ಮಾಡಲ್ಲ ಬಿಡಮ್ಮ” ಎಂದರು. ಪುಣ್ಯಕ್ಕೆ ಮಾಡಲಿಲ್ಲ. ಗಾಡಿ ನಿಂಬೆಹಣ್ಣು ತುಳಿದು ಒಂದು ರೌಂಡು ಹೋಗಿ ಬರುವ ತನಕ ಆ ಕುಂಕುಮಕ್ಕೆ ಯಾರೂ ಕೈ ಹಚ್ಚಬಾರದೆಂದು ಅಪ್ಪಣೆಯೂ ಆಯಿತು.

ಯಜಮಾನರು ಒದ್ದರು. ಗಾಡಿ ಒಂದೆರಡು ಸಲ ಕೆಮ್ಮಿ ಸತ್ತಿತು. ಮತ್ತೆ ಒದ್ದರೆ ಕೆಮ್ಮೂ ಇಲ್ಲ.

ಶನಿವಾರ ಮೆಕ್ಯಾನಿಕ್ ಬಂದರು. ಪ್ಲಗ್ಗು ಬಿಚ್ಚಿ ಉಜ್ಜಿದರು. ಕಿಡಿ ಹಾರಿತು. ಕೆಳಗಿನ ಪೈಪು ಎಳೆದು ನೋಡಿದರು. ಪೆಟ್ರೋಲು ಬಂತು, ಬಂದ ಕೂಡಲೇ ಪೈಪು ವಾಪಸ್ ಸಿಕ್ಕಿಸಿದರು. ನನ್ನ ಊಟದ ತಟ್ಟೆ ಕೇಳಿ ಇಸಕೊಂಡು ಅದರಲ್ಲಿ ಕಾರ್ಬೊರೇಟರ್ ಬಿಚ್ಚಿ ಹರವಿದರು, ಊದಿದರು, ಮತ್ತೆ ಜೋಡಿಸಿದರು. ಆ ತಟ್ಟೆಯಲ್ಲಿ ನಾನು ಮತ್ತೆ ಉಣ್ಣಲಿಲ್ಲ. ಗಾಡಿಯೂ ಏಳಲಿಲ್ಲ.

“ನನ್ನ ಗ್ಯಾರೇಜಲ್ಲಿ ಹಾಡ್ತಿತ್ತು ಕಣಣ್ಣ, ನಿಮ್ಮನೆಗೆ ಬಂದು ಮೂಗಿ ಆಗ್ಬಿಟ್ಟಿದೆ,” ಎಂದರು ಮೆಕ್ಯಾನಿಕ್.

ಅದೃಷ್ಟವಂತ ಗಾಡಿ, ನಾನು ಈ ಮನೆಗೆ ಬಂದು ಇಷ್ಟು ವರ್ಷವಾದರೂ ಮೂಗಿಯಾಗಲಿಲ್ಲ ಎಂದುಕೊಂಡೆ.

ಅತ್ತಿಗೆ ಮಾತ್ರ ಇದು ದೃಷ್ಟಿ ಎಂದು ತೀರ್ಮಾನ ಮಾಡಿ ನಮ್ಮ ಮನೆಯಲ್ಲೇ ಉಳಿದರು. ಗಾಡಿ ಏಳದ ಪ್ರತಿ ಸಲವೂ ಮುಚ್ಚಳದ ಮೇಲೆ ಇನ್ನೊಂದು ಪದರ ಗಂಧ, ಇನ್ನೊಂದು ಚಿಟಿಕೆ ಕುಂಕುಮ ಬಿತ್ತು. ಒಣಮೆಣಸಿನಕಾಯಿ ನೀವಾಳಿಸಿ ಸುಟ್ಟರು. ಆ ಹೊಗೆಗೆ ಬೀದಿಯೆಲ್ಲ ಕೆಮ್ಮಿತು, ಬೈಕೊಂದು ಕೆಮ್ಮಲಿಲ್ಲ.

ಭಾನುವಾರ ಬೆಳಿಗ್ಗೆಗೆ ಯಜಮಾನರ ಮಂಡಿ ಕುಂಬಳಕಾಯಿಯಾಗಿತ್ತು. ಮೆಕ್ಯಾನಿಕ್ ಮತ್ತೆ ಬಂದು, ತಲೆ ಕೆರೆದುಕೊಂಡು, ಇಂಜಿನ್ನೇ ಇಳಿಸಬೇಕೇನೋ ಎಂದರು. ಇಳಿಸಿದರೆ ಸೋಮವಾರ ಮುಗಿದೇ ಹೋಗುತ್ತದೆ. ಯಜಮಾನರು ಮೆಟ್ಟಿಲ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕತೊಡಗಿದರು. ಇನ್ನೊಂದೇ ಒದೆತ, ಅದಾದ ಮೇಲೆ ಕಾಲೆತ್ತಿದರೆ ನಾನೇ ಮುರಿಯುತ್ತೇನೆ ಎಂದು ಹೇಳಿಟ್ಟೆ.

ಆಗ ಕಂಡದ್ದು ಇರುವೆ ಸಾಲು. ಬಾಳೆಹಣ್ಣು ಕೊಳೆತು ರಸ ಇಳಿದು, ಇರುವೆ ಟ್ಯಾಂಕಿನ ಮೇಲಿಂದ ನನ್ನ ಅಡುಗೆಮನೆಯ ಬಾಗಿಲವರೆಗೆ ದಾರಿ ಮಾಡಿಕೊಂಡಿದ್ದವು. ಕುಂಕುಮಕ್ಕೆ ಅಪ್ಪಣೆ ಇದ್ದರೆ ಇರಲಿ, ಸಕ್ಕರೆ ಡಬ್ಬ ನನ್ನದು. ಒದ್ದೆ ಬಟ್ಟೆ ತಂದು ಹಣ್ಣು ಎಸೆದು ಒರೆಸಿದೆ. ಮುಚ್ಚಳದ ಸಂದಿಯಲ್ಲಿ ಇರುವೆ ಹೊಕ್ಕಿದ್ದವು. ಅದನ್ನೂ ತಿರುಗಿಸಿ ತೆಗೆದೆ. ಒಳಗೆ ಯಾರೋ ಉಸಿರೆಳೆದುಕೊಂಡ ಹಾಗೆ ಸುಯ್ ಎಂದಿತು.

ಕುಂಕುಮ ಅಳಿಸಿದಳು ಎಂದು ಅತ್ತಿಗೆ ಎದೆಗೆ ಕೈಯಿಟ್ಟುಕೊಂಡರು. ಮೆಕ್ಯಾನಿಕ್ ಮಾತ್ರ ಓಡಿ ಬಂದರು.

“ಅಕ್ಕ, ಈಗ ಏನೋ ಸದ್ದಾಯ್ತಲ್ಲ, ಏನದು?”

“ನನಗೇನ್ ಗೊತ್ತಪ್ಪ, ಇರುವೆ ಹೊಡಿತಿದ್ದೆ.”

ಅವರು ಮುಚ್ಚಳ ಕಿತ್ತುಕೊಂಡು ಬೆಳಕಿಗೆ ಹಿಡಿದರು. ಅದರ ನೆತ್ತಿಯಲ್ಲಿ ಸಾಸಿವೆ ಕಾಳು ಹಿಡಿಸದಷ್ಟು ಸಣ್ಣ ತೂತು, ಗಾಳಿ ಒಳಗೆ ಹೋಗಲಿಕ್ಕೆ. ಅತ್ತಿಗೆಯ ಗಂಧ ಅದರಲ್ಲಿಳಿದು ಗಾರೆಯಾಗಿತ್ತು. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲು ಸ್ವಲ್ಪ ಇಳಿದು ನಿಂತುಬಿಡುತ್ತದೆ ಎಂದು ವಿವರಿಸಿದರು. ಎಣ್ಣೆ ಡಬ್ಬಕ್ಕೆ ಒಂದೇ ಕಡೆ ತೂತು ಹೊಡೆದ ಹಾಗೆ ಎಂದೆ. ಅದೇ ಅಕ್ಕ ಅದೇ ಎಂದರು. ತಾಳಿ ಸರದಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದುಕೊಟ್ಟೆ, ಚುಚ್ಚಿ ಗಂಧವನ್ನೆಲ್ಲ ಕೆದಕಿದರು.

ಯಜಮಾನರು ಗೋಡೆ ಹಿಡಿದು ಎದ್ದು ಬಂದರು. ಹಲ್ಲು ಕಚ್ಚಿಕೊಂಡು ಒದ್ದರು. ಗಾಡಿ ಎದ್ದಿತು.

ನೀಲಿ ಹೊಗೆ ಮೆಟ್ಟಿಲು ಹತ್ತಿ ಹೋಯಿತು, ಮೇಲಿನ ಬಾಡಿಗೆಯವರು ದಡದಡ ಕಿಟಕಿ ಹಾಕಿಕೊಂಡರು. “ನೋಡಿದ್ಯಾ, ದೃಷ್ಟಿ ಹೋಯ್ತು,” ಎಂದು ಅತ್ತಿಗೆ ನನಗೇ ಹೇಳಿದರು. ನಿಂಬೆಹಣ್ಣು ಪಚಕ್ಕೆಂದವು. ಯಜಮಾನರು ಮಾರ್ಕೆಟ್ಟಿನ ಕಡೆ ಹೋದರು. ಆ ಸದ್ದು ಎಲ್ಲೆಲ್ಲಿ ತಿರುಗಿತು ಎಂದು ಗೇಟಿನಲ್ಲಿ ನಿಂತೇ ಹೇಳಬಹುದಿತ್ತು.

ವಾಪಸ್ ಬಂದವರು ಇಳಿಯಲಿಲ್ಲ. ಗಾಡಿ ಗುಡುಗುಡು ಎನ್ನುತ್ತಲೇ ಇತ್ತು.

“ಆಫ್ ಮಾಡ್ರೀ, ಸಾಕು.”

“ಆಮೇಲೆ?” ಎಂದರು.

ಒಳಗೆ ಹೋಗಿ ಕಾಫಿ ತಂದುಕೊಟ್ಟೆ. ಗಾಡಿಯ ಮೇಲೆ ಕೂತೇ, ಅಲುಗುವ ಲೋಟ ಹಿಡಿದು ನಿಧಾನಕ್ಕೆ ಕುಡಿದರು. ಲೋಟ ನನ್ನ ಕೈಗೆ ಕೊಟ್ಟು, ಬಗ್ಗಿ, ಪೆಟ್ರೋಲಿನ ನಲ್ಲಿಯನ್ನು ತಾವೇ ಮುಚ್ಚಿದರು. ಪೈಪಿನಲ್ಲಿ ಉಳಿದಿದ್ದು ಮುಗಿಯುವ ತನಕ ಓಡಿ, ಗಾಡಿ ತಾನಾಗಿಯೇ ನಿಂತಿತು.

ಮರುದಿನ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಊದಿದ ಮಂಡಿಯನ್ನು ಒತ್ತಿ ನೋಡಿ, ಇದೇನು ಮಾಡಿಕೊಂಡಿರಿ ಎಂದು ಗದರಿದರು. ಯಜಮಾನರು ನನ್ನ ಮುಖ ನೋಡಿದರು.

“ಮನೇಲಿ ಪೂಜೆ ಸ್ವಲ್ಪ ಜಾಸ್ತಿಯಾಯ್ತು ಸಾರ್,” ಎಂದೆ.