ನಿಂತ ಮೇಲೂ ನುಡಿದ ಪೇಟಿ

ದೆವ್ವದ ಮಾತು ತೆಗೆದವರನ್ನು ನೋಡಿ ನಾನು ಎದುರಿಗೇ ನಗುತ್ತಿದ್ದೆ. ಎಲ್ಲಿಂದಲೋ ಸದ್ದು ಬಂತೆಂದರೆ ವೈರು ಲೂಸಾಗಿದೆ ಎಂಬುದೇ ನನ್ನ ವೇದಾಂತವಾಗಿತ್ತು. ಈಗ ನಗಲು ಧೈರ್ಯ ಸಾಲದು.

ಏಳೆಂಟು ವರ್ಷದ ಹಿಂದಿನ ಮಾತು. ಅಕ್ಕನ ಗಂಟಲಿಗೆ ಮರುದಿನ ಮಿರಜದಲ್ಲಿ ಆಪರೇಶನ್ ಇತ್ತು. ದನಿ ಉಳಿಯುವ ಭರವಸೆ ಇಲ್ಲವೆಂದು ಡಾಕ್ಟರರು ಹೇಳಿದ್ದರು. ಅಪ್ಪ ಕಲಿಸಿದ ಒಂದು ಭಜನೆ ಪದವನ್ನಾದರೂ ಹಿಡಿದಿಡಬೇಕೆಂದು ನಾನು ಲ್ಯಾಪ್‌ಟಾಪ್ ತೆರೆದು ಕೂತೆ. ಅಪ್ಪ ತೀರಿಕೊಂಡಿದ್ದ; ಅವನ ಹಾರ್ಮೋನಿಯಂ, ನಮ್ಮ ಬೋರಗಾಂವದವರ ಬಾಯಲ್ಲಿ ಪೇಟಿ, ಇಲಿಗಳ ಪಾಲಾಗಿತ್ತು.

ಹಾಗಾಗಿ ನಾನು ಬರೆದಿಟ್ಟ ಸ್ವರಗಳನ್ನು ಪ್ಲಗಿನ್ ಎಂಬ ಒಂದು ಸಣ್ಣ ತಂತ್ರಾಂಶ ಪೇಟಿಯ ದನಿಯಲ್ಲಿ ನುಡಿಸಬೇಕಿತ್ತು. ನನ್ನ ಲ್ಯಾಪ್‌ಟಾಪ್ ಓಡುವುದು ಲಿನಕ್ಸ್ ಮೇಲೆ, ಪ್ಲಗಿನ್ ವಿಂಡೋಸ್‌ಗೆಂದು ಮಾಡಿದ್ದು; ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಇನ್ನೊಂದು ತಂತ್ರಾಂಶ ಹಾಕಿ ಹೇಗೋ ಓಡಿಸುತ್ತಿದ್ದೆ. ನೊಗಕ್ಕೆ ಕಟ್ಟಿದ ಹೊಸ ಎತ್ತಿನಂತೆ ಅದು ಯಾವಾಗ ಅಡ್ಡಬೀಳುವುದೋ ತಿಳಿಯದು. ಪೇಟಿಯನ್ನು ಮೊದಲೇ ಸಾದಾ ಆಡಿಯೊ ಮಾಡಿ ಉಳಿಸಿಕೊಳ್ಳಬೇಕಿತ್ತು. ನಾನು ಉದಾಸೀನ ಮಾಡಿದೆ.

ನಮ್ಮ ಓಣಿಯಲ್ಲಿ ರೆಕಾರ್ಡಿಂಗ್ ಏನಿದ್ದರೂ ಕರೆಂಟ್ ಹೋದಾಗಲೇ. ಆಗಷ್ಟೇ ಪವರ್‌ಲೂಮ್‌ಗಳು ಬಾಯಿ ಮುಚ್ಚುತ್ತವೆ.

“ಒಂದ ಸಲ ಹಾಡ್ತೀನಿ ತಮ್ಮಾ. ಎರಡನೇ ಸಲಕ್ಕ ದಮ್ ಇಲ್ಲ,” ಎಂದಳು ಅಕ್ಕ.

ಮಧ್ಯಾಹ್ನ ಮಗ್ಗಗಳು ನಿಂತವು. ಬ್ಯಾಟರಿಯ ಮೇಲೆ ಶುರು ಮಾಡಿದೆವು. ಇದ್ದ ಒಂದೇ ಹೆಡ್‌ಫೋನ್ ಅಕ್ಕನ ಕಿವಿಯಲ್ಲಿತ್ತು. ಎರಡನೇ ನುಡಿಗೆ ಪ್ಲಗಿನ್ ಸತ್ತಿತು. ಪರದೆಯ ಮೇಲೆ ಪೇಟಿಯ ಗೆರೆ ಮಲಗಿಬಿಟ್ಟಿತು. ಅಕ್ಕನ ದನಿಯ ಗೆರೆ ಮಾತ್ರ ಓಡುತ್ತಿತ್ತು. ತಡೆಯೋಣವೆಂದರೆ ಅವಳು ಕಣ್ಣು ಮುಚ್ಚಿ ಹಾಡುತ್ತಲೇ ಇದ್ದಾಳೆ, ನುಡಿಗಳ ನಡುವೆ ಪೇಟಿಗೆ ಬಿಡಬೇಕಾದಷ್ಟೇ ಹೊತ್ತು ಬಿಟ್ಟು.

ಮುಗಿಸಿ ಹೆಡ್‌ಫೋನ್ ತೆಗೆದು ಕೇಳಿದಳು: “ಮ್ಯಾಲಿನ ಸಾ ಅಪ್ಪನ ಪೇಟಿಯಂಗ ತಡಾ ಮಾಡಿ ಏಳೂವಂಗ ಹೆಂಗ ಮಾಡಿದಿ?”

ನಾನೇನೂ ಮಾಡಿರಲಿಲ್ಲ. ಅಭ್ಯಾಸಬಲದಿಂದ ಅವಳಿಗೆ ಹಾಗೆ ಕೇಳಿಸಿರಬೇಕೆಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಫೈಲ್ ತೆರೆದೆ. ಎರಡನೇ ನುಡಿಯಿಂದ ಪೇಟಿಯ ಟ್ರ್ಯಾಕ್ ಪೂರ್ತಿ ಖಾಲಿ. ಆದರೆ ಅಕ್ಕನ ಮೈಕಿನಲ್ಲಿ, ಅವಳು ಸುಮ್ಮನಿದ್ದಲ್ಲೆಲ್ಲ, ಹೆಡ್‌ಫೋನಿನಿಂದ ಸೋರಿದಷ್ಟು ಸಣ್ಣಗೆ ಪೇಟಿ ಇತ್ತು. ಮೇಲಿನ ಸಾ ತಡವಾಗಿಯೇ ಏಳುತ್ತಿತ್ತು. ಅವತ್ತು ನಾನು ಊಟ ಮಾಡಲಿಲ್ಲ.

ಬಲ್ಲವರಿಗೆ ತೋರಿಸಿದೆ. ಅವರ ಒಂದು ವಿವರಣೆಯೂ ಲೆಕ್ಕಕ್ಕೆ ಕೂಡಲಿಲ್ಲ. ಆ ಗದ್ದಲ ತೆಗೆದು ಸ್ವಚ್ಛ ಮಾಡಿಕೋ ಎಂದರು. ಮಾಡಬಹುದು, ಕೈ ಏಳುವುದಿಲ್ಲ.

ಅಕ್ಕ ಬದುಕಿದಳು, ದನಿ ಹೋಯಿತು. ಪ್ಲಗಿನ್ ಸತ್ತದ್ದನ್ನು ಅವಳಿಗೆ ಇಂದಿಗೂ ಹೇಳಿಲ್ಲ. ಆಗಾಗ ಆ ಪದ ಹಚ್ಚು ಎಂದು ಸನ್ನೆ ಮಾಡುತ್ತಾಳೆ. ಅದರಲ್ಲಿ ತನ್ನ ಹಾಡು ಬರುವಾಗ ಸುಮ್ಮನೆ ಕೂತಿರುತ್ತಾಳೆ. ತನ್ನ ದನಿ ನಿಂತಲ್ಲಿ ಮಾತ್ರ ಕೈ ಎತ್ತಿ, ಸ್ವಲ್ಪ ಜೋರು ಮಾಡು ಎಂದು ತೋರಿಸುತ್ತಾಳೆ.