ಹಿಮ್ಮಡಿಯ ಹಿಂದೆ ಒಂದು ಬೆರಳು

ಎರಡು ಪೆಟ್ಟಿಗೆಗಳು ನಮ್ಮ ಹಾಲ್‌ನಲ್ಲಿ ಬಂದು ಕುಳಿತು ವಾರವಾಗುತ್ತ ಬಂತು. ಮುಚ್ಚಳ ತೆಗೆದಾಗಲೆಲ್ಲ ಒಂದೇ ವಾಸನೆ: ಹೊಸ ಪ್ಲಾಸ್ಟಿಕ್ಕು, ಅಂಟು, ಸರಸರ ಎನ್ನುವ ತೆಳ್ಳಗಿನ ಬಿಳಿ ಕಾಗದ. ನೀವು ಕರಾವಳಿಯವರಾದರೆ ಈ ವಾಸನೆಯನ್ನು ಬಲ್ಲಿರಿ. ಗಲ್ಫಿನಿಂದ ಬಂದವರ ಸೂಟ್‌ಕೇಸ್ ತೆರೆಯುವಾಗ ಮನೆ ತುಂಬ ಹರಡುತ್ತಿದ್ದದ್ದು ಇದೇ. ಉಳಿದ ಮಕ್ಕಳು ಮೂಗರಳಿಸಿ ಹತ್ತಿರ ಸರಿಯುತ್ತಿದ್ದರು. ನಾನು ಮಾತ್ರ ಸ್ವಲ್ಪ ದೂರವೇ ನಿಂತು, ಇದರಲ್ಲಿ ಏನೋ ಮೋಸ ಉಂಟು ಎಂದುಕೊಳ್ಳುತ್ತಿದ್ದೆ. ಹಾಗೆಂದು ನನ್ನ ನೆನಪು ಹೇಳುತ್ತದೆ. ನೆನಪಿನ ಮಾತನ್ನು ಎಷ್ಟು ನಂಬಬೇಕೆನ್ನುವುದು ಬೇರೆಯೇ ಪ್ರಶ್ನೆ.

ಪೆಟ್ಟಿಗೆಯಲ್ಲಿರುವುದು ಸ್ಕೀ ಬೂಟುಗಳು. ಮಣಿಪಾಲದಲ್ಲಿ ಸ್ಕೀ ಬೂಟು ಎಂದರೆ ನೀವು ನಗಬಹುದು. ನಗಿ, ತೊಂದರೆಯಿಲ್ಲ. ಅಕ್ಟೋಬರಿನ ಸೆಕೆಯಲ್ಲಿ, ಫ್ಯಾನಿನ ಕೆಳಗೆ, ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು ಕುಳಿತ ಐವತ್ತು ದಾಟಿದ ಹೆಂಗಸನ್ನು ನೋಡಿದರೆ ನನಗೂ ನಗು ಬರುತ್ತದೆ. ಕಾಲೇಜಿನ ಪಾಠದ ನಡುವೆ ಬಿಡುವು ಸಿಕ್ಕಾಗ ಸಹೋದ್ಯೋಗಿ ಶೈಲಜಾಳ ಜೊತೆ ಹಿಮಾಚಲಕ್ಕೆ ಹೋಗುವುದು ಕೆಲವು ವರ್ಷಗಳ ಅಭ್ಯಾಸ. ನಮ್ಮದು ತಂತಿಗೆ ತೂಗುವ ಕುರ್ಚಿಯಲ್ಲಿ ಕುಳಿತು ಮೇಲೆ ಹೋಗಿ ಜಾರಿಕೊಂಡು ಬರುವ ಸ್ಕೀ ಅಲ್ಲ. ಹಲಗೆ ಕಟ್ಟಿಕೊಂಡೇ ಹಿಮದ ಏರನ್ನು ಹತ್ತಿ, ಆಮೇಲೆ ಇಳಿಯುವುದು. ಹತ್ತುವಾಗ ಬೂಟಿನ ಹಿಂಭಾಗ ಹಲಗೆಯಿಂದ ಬಿಟ್ಟುಕೊಂಡು ಏಳಬೇಕು. ಬೂಟಿನೊಳಗೆ ಹಿಮ್ಮಡಿ ಮಾತ್ರ ಏಳಕೂಡದು. ಇಡೀ ಶಾಸ್ತ್ರ ಇಷ್ಟೇ.

ಕಳೆದ ಚಳಿಗಾಲದಲ್ಲಿ ನನ್ನ ಹಿಮ್ಮಡಿ ಎದ್ದಿತು. ಬಾಡಿಗೆಯ ಬೂಟು. ಹಾಕಿಕೊಂಡಾಗ ಮನೆಯ ಚಪ್ಪಲಿಯಷ್ಟು ಸುಖವಾಗಿತ್ತು. ಏರಿನ ಅರ್ಧದಲ್ಲಿ ಎರಡೂ ಕಾಲಿನ ಚರ್ಮ ಸುಲಿದು, ನಾನು ಹಿಮದ ಮೇಲೆ ಕುಳಿತುಬಿಟ್ಟೆ. ಉಳಿದವರು ಏರಿನ ನೆತ್ತಿಗೆ ಹೋದರು. ಶೈಲಜಾ ನೆತ್ತಿಯ ಕಡೆ ಒಮ್ಮೆ ತಿರುಗಿ ನೋಡಿ, ನನ್ನ ಜೊತೆ ಕೆಳಗಿಳಿದಳು. ಅವಳ ಮೊಣಕಾಲು ಸವೆದಿದೆ. ಇನ್ನೊಂದು ಚಳಿಗಾಲ, ಆಮೇಲೆ ಇದೆಲ್ಲ ಸಾಕು ಎಂದು ವೈದ್ಯರು ಹೇಳಿದ್ದಾರೆ. ಆದ್ದರಿಂದ ಈ ಬೂಟಿನ ವಿಚಾರ ನನ್ನ ಪಾದದ್ದು ಮಾತ್ರವಲ್ಲ. ಈ ಸಲವೂ ನಾನು ಅರ್ಧದಲ್ಲಿ ಕುಳಿತರೆ ಅವಳ ಕೊನೆಯ ನೆತ್ತಿಯೂ ಹೋಯಿತು.

ನನ್ನ ಪಾದದ ಬಗ್ಗೆ ಹೇಳಬೇಕು. ಉದ್ದದಲ್ಲಿ ಎಲ್ಲರಂತೆಯೇ. ಅಗಲದಲ್ಲಿ ಕಿರಿದು, ದಪ್ಪವಂತೂ ಇಲ್ಲವೇ ಇಲ್ಲ, ಮೇಲ್ಭಾಗ ಚಪ್ಪಟೆ. ಶೈಲಜಾ ಮೊದಲ ಸಲ ನೋಡಿದಾಗ ಹೇಳಿದ್ದಳು, "ಇದು ಪಾದವಾ ಮಾರಾಯ್ತಿ? ನಂಗ್ ಮೀನಿನ ಹಾಗೆ ಉಂಟು." ನಂಗ್ ಎಂದರೆ ನೆಲಕ್ಕೆ ಅಂಟಿಕೊಂಡಂತಿರುವ ಚಪ್ಪಟೆ ಮೀನು; ಕಾಪುವಿನ ಮೀನು ವ್ಯಾಪಾರದ ಮನೆಯಲ್ಲಿ ಬೆಳೆದ ನನಗೆ ಅದಕ್ಕಿಂತ ಸರಿಯಾದ ವರ್ಣನೆ ಬೇಕಿಲ್ಲ. ಇಂಥ ಪಾದಕ್ಕೆ ಅಂಗಡಿಯವರಲ್ಲಿ ಇರುವುದು ಒಂದೇ ಮಾತು. ಬಿಗಿಯಾದರೂ ಸಡಿಲವಾದರೂ, ಹೆಬ್ಬೆರಳಿಂದ ಬೂಟಿನ ತುದಿ ಒತ್ತಿ, "ಹಾಕಿ ಹಾಕಿ ಸರಿ ಆಗ್ತದೆ ಮೇಡಂ" ಎನ್ನುತ್ತಾರೆ. ಎರಡು ವಿರುದ್ಧ ರೋಗಗಳಿಗೆ ಒಂದೇ ಔಷಧ ಕೊಡುವವರನ್ನು ನಾನು ನಂಬುವುದಿಲ್ಲ.

ಮನಾಲಿಯಲ್ಲಿ ಇಂಥ ಬೂಟು ತರಿಸಿಕೊಡುವ ಹೆಂಗಸೊಬ್ಬಳಿದ್ದಾಳೆ. ಫೋನಿನಲ್ಲಿ ಅವಳು ಕೇಳಿದ್ದು ಪಾದದ ಉದ್ದ, ಅಗಲ ಮತ್ತು ಎತ್ತರ. ಕಾಗದದ ಮೇಲೆ ನಿಂತು, ಬೇರೆಯವರ ಕೈಯಲ್ಲಿ ಸುತ್ತ ಗೆರೆ ಎಳೆಸಿ, ಪೆನ್ಸಿಲ್ ನೆಟ್ಟಗೆ ಹಿಡಿಯಲು ಹೇಳಿ ಎಂದಳು. ಅದನ್ನು ನನಗೆ ಯಾರೂ ಕಲಿಸಿಕೊಡಬೇಕಿರಲಿಲ್ಲ. ಏಕೆಂದರೆ ನಾನು ಹಾಗೆ ಕಾಗದದ ಮೇಲೆ ನಿಂತೇ ಬೆಳೆದವಳು.

ನಮ್ಮಲ್ಲಿ ಆಗ ಹಾಗೆ ಒಂದು ಕ್ರಮವಿತ್ತು. ಅಮ್ಮನ ತಮ್ಮ ಶೇಖರ ಮಾಮ ಬಹರೈನ್‌ನಲ್ಲಿ ಕಂಪೆನಿಯೊಂದರ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಬರುವವರು. ಅವರು ಬರುವ ಮೊದಲು, ಊರಿನಿಂದ ಅತ್ತ ಹೊರಟ ಯಾರ ಕೈಯಲ್ಲಾದರೂ ಮಕ್ಕಳ ಪಾದದ ಗೆರೆ ಕಳಿಸಬೇಕು. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ ಹಾಕಿ, ಅಮ್ಮ ನನ್ನನ್ನು ಅದರ ಮೇಲೆ ನಿಲ್ಲಿಸಿ, ಸುತ್ತ ಪೆನ್ಸಿಲ್ ಓಡಿಸುತ್ತಿದ್ದಳು. ಗೆರೆ ಹೆಬ್ಬೆರಳ ಸಂದಿಗೆ ಬಂದಾಗ ಕಚಗುಳಿ. ಆ ಹಾಳೆ ಮಡಚಿಕೊಂಡು, ಉಪ್ಪಿನಕಾಯಿ ಹಪ್ಪಳಗಳ ಜೊತೆ ಕಡಲು ದಾಟುತ್ತಿತ್ತು. ಕೆಲವು ತಿಂಗಳ ಮೇಲೆ ಮಾಮ ಶೂ ಹಿಡಿದುಕೊಂಡು ಬರುತ್ತಿದ್ದರು.

ಆ ಶೂ ಒಮ್ಮೆಯೂ ನನಗೆ ಸರಿಯಾಗಲಿಲ್ಲ. ಯಾವಾಗಲೂ ದೊಡ್ಡದು. ಮಾಮ ಕಾಪುವಿನ ಮನೆಯ ಜಗಲಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ನನ್ನ ಹಿಮ್ಮಡಿಯ ಹಿಂದೆ ತೋರುಬೆರಳು ತೂರಿಸುತ್ತಿದ್ದರು. ಬೆರಳು ಸಲೀಸಾಗಿ ಒಳಗೆ ಹೋಗುತ್ತಿತ್ತು. ಅವರು ತಲೆಯಾಡಿಸಿ, "ಸಾಕು, ಜಾಗ ಉಂಟು" ಎನ್ನುತ್ತಿದ್ದರು. ಅವರ ಮಗಳು ಉಷಾ ಬಹರೈನ್‌ನಲ್ಲೇ ಅವರ ಜೊತೆ ಇರುವವಳು. ಅವಳ ಶೂ ಮಾತ್ರ ಅಚ್ಚಿನಲ್ಲಿ ಎರೆದ ಹಾಗೆ ಕೂರುತ್ತಿತ್ತು. ಎಂಟೊಂಬತ್ತು ವರ್ಷದ ತಲೆಗೆ ಇಷ್ಟು ಸಾಕ್ಷ್ಯ ಸಾಲದೇ? ಉಷಾಳಿಗೆಂದು ತಂದು ದೊಡ್ಡದಾದದ್ದನ್ನು ನನಗೆ ದಾಟಿಸುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಆ ತಲೆಯಾಡಿಸುವಿಕೆ ಬೇಡದ ಮಾಲು ಖರ್ಚು ಮಾಡಿದವನ ಸಮಾಧಾನದಂತೆ ಕಾಣುತ್ತಿತ್ತು. ಈ ಗುಮಾನಿಯನ್ನು ನಾನು ಯಾರಲ್ಲೂ ಹೇಳಲಿಲ್ಲ, ಬಿಡಲೂ ಇಲ್ಲ. ಆಮೇಲೆ ದಿನಚರಿ ಬರೆಯಲು ಶುರುಮಾಡಿದಾಗ ಅಲ್ಲೂ ಒಮ್ಮೆ ಬರೆದೆನೆಂದು ಕಾಣುತ್ತದೆ. ಬರೆದದ್ದು ನಿಜವೇ ಆಗಿರಬೇಕೆಂದು ನಂಬುವುದು ದಿನಚರಿ ಬರೆಯುವವರ ದೊಡ್ಡ ರೋಗ.

ನಡುವೆ ಇನ್ನೊಂದು ಅನುಮಾನವೂ ಇತ್ತು, ಅಮ್ಮನ ಪೆನ್ಸಿಲಿನ ಮೇಲೆ. ಮಗು ಬೆಳೆಯುತ್ತದೆ ಎಂದು ಅವಳೇ ಗೆರೆಯನ್ನು ಹೊರಕ್ಕೆ ವಾಲಿಸುತ್ತಿದ್ದಳೋ ಏನೋ. ಹಾಗಾಗಿ ಈ ಸಲ ಮನಾಲಿಗೆ ಅಳತೆ ಕಳಿಸಬೇಕಾದಾಗ ಬೇಕೆಂದೇ ಅಮ್ಮನನ್ನು ಕರೆದೆ. ಈಗ ಅವಳು ನನ್ನ ಜೊತೆಗೇ ಇರುವುದು. ಮಣೆಯ ಮೇಲೆ ಕುಳಿತು, ಕನ್ನಡಕ ಸರಿಮಾಡಿಕೊಂಡು, ಅದೇ ಹಳೆಯ ದನಿಯಲ್ಲಿ ಕಾಲು ಅಲುಗಿಸಬೇಡ ಎಂದಳು. ನಾನು ಕಾಲನ್ನಲ್ಲ, ಪೆನ್ಸಿಲನ್ನು ನೋಡುತ್ತಿದ್ದೆ. ಅದು ಒಂದು ಎಳೆಯಷ್ಟೂ ವಾಲಲಿಲ್ಲ. ಚರ್ಮಕ್ಕೆ ಒತ್ತಿಕೊಂಡು, ನೆಟ್ಟಗೆ, ನಿಧಾನವಾಗಿ ಸುತ್ತು ಬಂತು.

"ಎಂತ ನೋಡುದು ಹಾಗೆ, ಕಳ್ಳನನ್ನು ನೋಡುವ ಹಾಗೆ?" ಅಂದಳು.

ಮಾಮ ತಂದ ಆ ಕೆಂಪು ಶೂ ದೊಡ್ಡದಾದದ್ದು ನಿನ್ನ ಗೆರೆಯಿಂದಲೋ ಎಂದು ಕೇಳಿಯೇಬಿಟ್ಟೆ. ಅಮ್ಮ ಪೆನ್ಸಿಲ್ ಕೆಳಗಿಟ್ಟಳು. ತಾನು ಆಗಲೂ ಹೀಗೆಯೇ ಎಳೆದದ್ದು, ಬೇಕಾದರೆ ಮಾಮನನ್ನೇ ಕೇಳು ಎಂದಳು. ನಾನು ಹೇಳಿದ ಕೆಂಪು ಶೂ ಕೆಂಪಲ್ಲ, ಕಪ್ಪು ಎಂದೂ ಸೇರಿಸಿದಳು. ನಲವತ್ತು ವರ್ಷ ನಾನು ಕೆಂಪು ಬಣ್ಣದಲ್ಲಿ ಸಿಟ್ಟು ಮಾಡಿಕೊಂಡದ್ದು ಕಪ್ಪು ಶೂವಿನ ಮೇಲೆಯೋ?

ಅಳತೆ ಕಳಿಸಿದ ಕೆಲವು ದಿನಗಳಲ್ಲಿ ಪೆಟ್ಟಿಗೆಗಳು ಬಂದವು. ಮನಾಲಿಯವಳು ಒಂದೇ ಬಗೆಯ ಎರಡು ಅಳತೆ ಕಳಿಸಿದ್ದಳು. ಸೋಮವಾರದೊಳಗೆ ಒಂದನ್ನು ವಾಪಸು ಕಳಿಸಬೇಕು. ದೊಡ್ಡದು ಕಾಲಿಗೆ ಹಾಯಾಗಿದೆ. ಸಣ್ಣದು ನಾಲ್ಕೂ ಕಡೆಯಿಂದ ಕೈ ಕುಲುಕಿದ ಹಾಗೆ ಹಿಡಿದುಕೊಳ್ಳುತ್ತದೆ. ಒಳಗಿನ ಮೆತ್ತೆ ಕೆಲವು ದಿನಗಳಲ್ಲಿ ಒತ್ತಿಕೊಂಡು ತೆಳ್ಳಗಾಗುತ್ತದೆ, ನಿಮ್ಮಂಥ ಪಾದದವರು ಇಂದಿನ ಸುಖ ನೋಡಬೇಡಿ ಎಂದು ಅವಳು ಎಚ್ಚರಿಸಿದ್ದಳು. ಮಾರುವವಳ ಮಾತು. ಅದನ್ನಾದರೂ ಹೇಗೆ ನಂಬಲಿ?

ಪರೀಕ್ಷೆ ಒಂದಿದೆ. ಮೆತ್ತೆಯನ್ನು ಹೊರಗೆಳೆದು, ಖಾಲಿ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕಾಲಿಟ್ಟು, ಬೆರಳುಗಳನ್ನು ಮುಂದಕ್ಕೆ ತಾಗಿಸಿ ನಿಲ್ಲಬೇಕು. ಹಿಮ್ಮಡಿಯ ಹಿಂದೆ ಒಂದು ಬೆರಳು ಸಲೀಸಾಗಿ ಹೋಗಿ, ಎರಡನೆಯದು ಕಷ್ಟದಲ್ಲಿ ಹೋದರೆ ಸರಿ. ಆದರೆ ತಾನೇ ಬಗ್ಗಿದರೆ ಕಾಲು ಸರಿಯುತ್ತದೆ. ಇನ್ನೊಬ್ಬರ ಬೆರಳು ಬೇಕು. ಯಾರದ್ದು? ಅಮ್ಮನ ಬೆರಳುಗಳು ವಾತದಿಂದ ಊದಿವೆ. ಭಾನುವಾರ ಎರಡೂ ಪೆಟ್ಟಿಗೆಗಳನ್ನು ಕಾರಿಗೆ ಹಾಕಿಕೊಂಡು ಹಿರಿಯಡ್ಕದಲ್ಲಿ ಶೈಲಜಾಳ ಮನೆ ಮುಂದೆ ನಿಲ್ಲಿಸಿದೆ. ಅವಳು ಬೆರಳು ತೂರಿಸಿ ನೋಡಿ, ಏಳುವುದಕ್ಕೆ ಮೊಣಕಾಲು ಹಿಡಿದುಕೊಂಡು, ಹೇಳಿದಳು:

"ಸಣ್ಣದೇ ಇಟ್ಟುಕೋ. ಈ ಸಲ ನೀನು ಕೂತರೆ ನಾನು ನಿಲ್ಲುದಿಲ್ಲ. ಹೇಳಿದೆ ಅಂತ ನೆನಪಿರಲಿ."

ಹೇಳಿದ್ದು ನಗುತ್ತಲೇ. ಆದರೆ ಕಳೆದ ವರ್ಷದ ಸಿಟ್ಟು ಆ ಬೆರಳಿನಲ್ಲಿ ಸೇರಿಕೊಂಡಿರಲಿಕ್ಕಿಲ್ಲವೇ? ಅಲ್ಲಿಂದ ಕಾರ್ಕಳಕ್ಕೆ ಹೊರಟೆ, ಮಾಮನನ್ನು ಕಾಣಲು.

ಮಾಮ ಬಹರೈನ್‌ನಿಂದ ನಿವೃತ್ತರಾಗಿ ಬಂದು ಮಾಮಿಯ ಊರಾದ ಕಾರ್ಕಳದಲ್ಲೇ ಮನೆ ಮಾಡಿದವರು. ಚಹಾ ಬಂತು, ಮಾತು ಬಂತು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತರುವಾಗ ಒಂದಿಷ್ಟು ಸೋರಿರಬಹುದು. ಶೂವಿನ ವಿಷಯವನ್ನು ನಗುನಗುತ್ತಲೇ ಎತ್ತಿದೆ, ಉಷಾಳ ಹೆಸರನ್ನೂ ತಂದೆ. ಮಾಮ ನಗಲಿಲ್ಲ.

"ಉಷಾನನ್ನು ಅಂಗಡಿಗೇ ಕರೆದುಕೊಂಡು ಹೋಗ್ತಿದ್ದೆ. ನಿನ್ನದು ಒಂದು ಕಾಗದ" ಎಂದರು. ಸ್ವಲ್ಪ ಹೊತ್ತು ಲೋಟವನ್ನು ತಿರುಗಿಸಿದರು. "ಕಾಗದದ ಮೇಲೆ ಶೂ ಇಟ್ಟು ನೋಡುದು. ಸರಿ ಆದ್ರೆ ಅದನ್ನು ಬಿಟ್ಟು, ಅದಕ್ಕಿಂತ ಒಂದು ನಂಬರ್ ದೊಡ್ಡದು ತೆಗೆದುಕೊಳ್ಳುದು. ನಾನು ಬಂದ ದಿನಕ್ಕಲ್ಲ ಮಗಾ. ನಾನು ಹೋದ ಮೇಲೆ ನಿನಗೆ ಶೂ ಬೇಕಲ್ವಾ?"

ಮಾಮ ಲೋಟವನ್ನು ಕೆಳಗಿಟ್ಟರು.

"ಒಂದೂ ಸರಿ ಕೂತದ್ದನ್ನು ನಾನು ನೋಡಿದವ ಅಲ್ಲ. ನಾನು ಇದ್ದಷ್ಟು ದಿನ ದೊಡ್ಡದು. ಮತ್ತೆ ಬರುವಾಗ ಹರಿದು ಹೋಗಿರ್ತಿತ್ತು." ಆಮೇಲೆ ಕೇಳಿದರು, "ನಡುವಿನಲ್ಲಿ ಸರಿ ಆಗ್ತಿತ್ತು, ಅಲ್ವಾ?"

ಈ ಪ್ರಶ್ನೆಗೆ ಉತ್ತರ ಹುಡುಕಿದೆ. ನನ್ನ ಪಾದ ಉದ್ದಕ್ಕೆ ಬೆಳೆಯಿತು, ಅಗಲಕ್ಕಲ್ಲ. ಕಾಗದದ ಗೆರೆ ಪಾದದ ಎತ್ತರವನ್ನು ಹೇಳುವುದೂ ಇಲ್ಲ. ಲೆಕ್ಕದ ಪ್ರಕಾರ ಆ ಶೂಗಳು ನನಗೆ ಎಂದೂ ಸರಿಯಾಗಿರಲಾರವು. ಆದರೆ ಅದೇ ಗಳಿಗೆಯಲ್ಲಿ ಒಂದು ಚಿತ್ರ ಎದ್ದುಬಂತು: ಕಾಪು ಕಡಲಬದಿಯ ದೀಪಸ್ತಂಭದ ಬಳಿ ಮರಳಿನಲ್ಲಿ ನಾನು ಓಡುತ್ತಿದ್ದೇನೆ, ಶೂ ಕಳಚುತ್ತಿಲ್ಲ. ಅದು ನಡೆದದ್ದೋ, ಅಥವಾ ಮುದುಕರೊಬ್ಬರು ಮುಖ ನೋಡುತ್ತ ಕುಳಿತಾಗ ನನ್ನ ತಲೆ ಆ ಕ್ಷಣ ಹೊಲಿದು ಕೊಟ್ಟದ್ದೋ? ಆ ಓಟದಲ್ಲಿ ಶೂವಿನ ಬಣ್ಣ ಕಪ್ಪಾಗಿತ್ತು. ಅಮ್ಮನಿಂದ ಈಚೆಗಷ್ಟೇ ಕಲಿತ ಬಣ್ಣ. ಅದೇ ನನಗೆ ಗುಮಾನಿ.

ಆಗ್ತಿತ್ತು ಮಾಮ, ಎಂದೆ.

ಅವರ ಮುಖ ಸಡಿಲಾಯಿತು. ಹೊಸ ಬೂಟು ತೋರಿಸು ಎಂದರು. ಜಗಲಿಯಲ್ಲಿ ಖಾಲಿ ಚಿಪ್ಪಿನೊಳಗೆ ಕಾಲಿಟ್ಟು ನಿಂತೆ. ಮಾಮನಿಗೆ ಈಗ ಕುಕ್ಕರಗಾಲು ಆಗುವುದಿಲ್ಲ. ಮೆಟ್ಟಿಲ ಮೇಲೆ ಒಂದು ಹಂತ ಕೆಳಗೆ ಕುಳಿತು, ಹಿಮ್ಮಡಿಯ ಹಿಂದೆ ಅದೇ ತೋರುಬೆರಳು ತೂರಿಸಿದರು. ದೊಡ್ಡದರಲ್ಲಿ ಒಂದಲ್ಲ, ಮೂರು ಬೆರಳು ಹೋದವು. ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯನ್ನು ನಾನು ಈ ಸಲ ಮೇಲಿನಿಂದ ನೋಡಿದೆ. ಅದರಲ್ಲಿ ಬೇಡದ ಮಾಲು ಖರ್ಚಾದ ಸಮಾಧಾನ ಇರಲಿಲ್ಲ.

ಸಣ್ಣದರಲ್ಲಿ ಒಂದು ಬೆರಳು ಹೋಯಿತು, ಎರಡನೆಯದು ತಡೆಯಿತು.

"ಇದು ಬಿಗಿ."

ಬಿಗಿಯೇ ಬೇಕು, ಒಳಗಿನ ಮೆತ್ತೆ ಹೋಗ್ತಾ ಹೋಗ್ತಾ ಕೂರ್ತದೆ, ಇವತ್ತಿಗಲ್ಲ ಮಾಮ, ಹತ್ತುವ ದಿನಕ್ಕೆ ಎಂದು ವಿವರಿಸಿದೆ. ಹೇಳಿ ಮುಗಿಸುವಾಗ ಈ ಮಾತನ್ನು ಯಾರಿಂದ ಕೇಳಿದ್ದೆಂದು ಹೊಳೆಯಿತು. ಅಷ್ಟರವರೆಗೆ ಅದು ಮಾರುವವಳ ಮಾತಾಗಿತ್ತು, ಈಗ ಮಾಮನದ್ದೂ ಆಗಿತ್ತು.

ಮಾಮ ಬೂಟನ್ನು ಇನ್ನೊಮ್ಮೆ ಒತ್ತಿ ನೋಡಿದರು. "ಆದ್ರೂ ಒಂದು ನಂಬರ್ ದೊಡ್ಡದು ಒಳ್ಳೆಯದು" ಎಂದರು.

ಇವತ್ತು ಸೋಮವಾರ. ದೊಡ್ಡದರ ಪೆಟ್ಟಿಗೆಗೆ ಟೇಪು ಸುತ್ತಿ ಬಾಗಿಲ ಬಳಿ ಇಟ್ಟಿದ್ದೇನೆ. ಸಣ್ಣದನ್ನು ಹಾಕಿಕೊಂಡು ಹಾಲ್‌ನಲ್ಲಿ ಆಚೆಗೂ ಈಚೆಗೂ ನಡೆಯುತ್ತಿದ್ದೇನೆ. ನೆಲದ ಮೇಲೆ ಟಕ್ ಟಕ್ ಸದ್ದಿಗೆ ಅಮ್ಮ ಒಳಗಿನಿಂದ ಏನೋ ಗೊಣಗುತ್ತಾಳೆ. ಬೆರಳುಗಳು ನೋಯುತ್ತವೆ, ತಪ್ಪು ಮಾಡಿದೆನೋ ಎನ್ನುವ ಅನುಮಾನ ಹೋಗಿಲ್ಲ, ಏರಿನ ಮೇಲೆ ನಿಲ್ಲುವವರೆಗೆ ಹೋಗುವುದೂ ಇಲ್ಲ. ಆದರೆ ಹಿಮ್ಮಡಿ ಏಳುತ್ತಿಲ್ಲ.

ಬೆಳಿಗ್ಗೆ ಶೈಲಜಾಳಿಗೆ ಫೋನ್ ಮಾಡಿ ಒಂದು ಮಾತು ತೆಗೆದುಕೊಂಡಿದ್ದೇನೆ. ಏರಿನ ನೆತ್ತಿ ಮುಟ್ಟಿದರೆ ಅವಳು ನನ್ನದೊಂದು ಫೋಟೋ ತೆಗೆಯಬೇಕು. ಮುಖದ್ದಲ್ಲ, ಕಾಲಿನದ್ದು, ಹಿಂದಿನಿಂದ. ಯಾರಿಗೆ ಎಂದು ಕೇಳಿದಳು. ಕಾರ್ಕಳಕ್ಕೆ ಕಳಿಸಲಿಕ್ಕೆ, ಸರಿ ಕೂತದ್ದನ್ನು ಒಮ್ಮೆಯೂ ನೋಡದವರು ಅಲ್ಲಿ ಒಬ್ಬರಿದ್ದಾರೆ, ಎಂದೆ.